ಟ್ಯಾಬ್ ಒತ್ತಿದರೆ .ಗಿಟ್ ಯಾಕೆ ಅಡ್ಡ ಬರುತ್ತದೆ?

ಪ್ರಾಜೆಕ್ಟ್ ಫೋಲ್ಡರಿನಲ್ಲಿ ಕಣ್ಣಿಗೆ ಕಾಣುವ ಡೈರೆಕ್ಟರಿ ಒಂದೇ: ಎಸ್‌ಆರ್‌ಸಿ. ಟರ್ಮಿನಲ್‌ನಲ್ಲಿ ನಮ್ಮ ಕಮಾಂಡುಗಳನ್ನು ಓದಿ ನಡೆಸುವ ಶೆಲ್ ಬ್ಯಾಶ್. ಅದರಲ್ಲಿ ಸಿಡಿ (ಡೈರೆಕ್ಟರಿ ಬದಲಿಸುವ ಕಮಾಂಡ್) ಅಂತ ಹೊಡೆದು, ಸ್ಪೇಸ್ ಬಿಟ್ಟು, ಹೆಸರನ್ನು ತಾನೇ ತುಂಬಿಕೊಡುವ ಟ್ಯಾಬ್ ಒತ್ತಿ. ಹೆಸರು ತುಂಬಿಕೊಳ್ಳುವುದಿಲ್ಲ. ಇನ್ನೊಮ್ಮೆ ಒತ್ತಿದರೆ ಗುಟ್ಟು ಹೊರಬೀಳುತ್ತದೆ: ಗಿಟ್ ತನ್ನ ದಾಖಲೆ ಇಟ್ಟುಕೊಳ್ಳುವ .ಗಿಟ್ ಎಂಬ ಅಡಗಿದ ಡೈರೆಕ್ಟರಿ ಕೂಡ ಸಾಲಿನಲ್ಲಿ ನಿಂತಿದೆ. ಎರಡೂ ಹೆಸರಿನ ಮೊದಲಕ್ಷರವೇ ಬೇರೆ, ಶೆಲ್ ತಾನೇ ಏನನ್ನು ತುಂಬೀತು?

ಹೋಮ್ ಡೈರೆಕ್ಟರಿಯಲ್ಲಂತೂ ಕೇಳಲೇಬೇಡಿ. .ಕ್ಯಾಶ್, .ಕಾನ್ಫಿಗ್, .ಎಸ್‌ಎಸ್‌ಎಚ್ ಎಲ್ಲ ಸೇರಿ ಪಟ್ಟಿ 100 ಮುಟ್ಟಿದರೆ "ಎಲ್ಲವನ್ನೂ ತೋರಿಸಲೇ?" ಅಂತ ಬೇರೆ ಕೇಳುತ್ತದೆ. ದರ್ಶಿನಿಯಲ್ಲಿ ತಿಂಡಿ ಏನಿದೆ ಅಂದರೆ ಸ್ಟೋರ್ ರೂಮಿನ ಉದ್ದಿನಬೇಳೆ ಮೂಟೆಯನ್ನೂ ಸೇರಿಸಿ ಒಪ್ಪಿಸಿದ ಹಾಗೆ.

ಇದು ಬಗ್ ಅಲ್ಲ. ಬ್ಯಾಶ್‌ಗೆ ಟ್ಯಾಬ್ ಕೆಲಸ ಮಾಡಿಕೊಡುವ ರೀಡ್‌ಲೈನ್ ಲೈಬ್ರರಿಯಲ್ಲಿ ಮ್ಯಾಚ್-ಹಿಡನ್-ಫೈಲ್ಸ್ ಎಂಬ ಸೆಟ್ಟಿಂಗ್ ಇದೆ, ಅಡಗಿದ ಹೆಸರುಗಳನ್ನೂ ಪಟ್ಟಿಗೆ ಸೇರಿಸುವುದು ಅದೇ, ಮೊದಲಿನಿಂದಲೇ ಆನ್. ಅದೇ ಬ್ಯಾಶ್‌ನ * (ಯಾವ ಹೆಸರಿಗೂ ಹೊಂದುವ ಚಿಹ್ನೆ) ಮಾತ್ರ ಚುಕ್ಕಿ ಫೈಲುಗಳನ್ನು, ಅಂದರೆ ಚುಕ್ಕಿಯಿಂದ ಶುರುವಾಗುವ ಅಡಗಿದ ಹೆಸರುಗಳನ್ನು, ಮುಟ್ಟುವುದಿಲ್ಲ! ಒಂದೇ ಶೆಲ್‌ಗೆ ಎರಡು ನಾಲಿಗೆ. ನನ್ನ ಪ್ರಕಾರ ಈ ಡೀಫಾಲ್ಟೇ ತಪ್ಪು, ಆಫ್ ಮಾಡಿಬಿಡಿ.

ಹೋಮ್‌ನಲ್ಲಿರುವ .ಇನ್‌ಪುಟ್‌ಆರ್‌ಸಿ ಎಂಬ ರೀಡ್‌ಲೈನ್ ಸೆಟ್ಟಿಂಗ್ ಫೈಲಿಗೆ "ಸೆಟ್ ಮ್ಯಾಚ್-ಹಿಡನ್-ಫೈಲ್ಸ್ ಆಫ್" ಎಂಬ ಸಾಲು ಹಾಕಿ. ಎಲ್ಲ ಇಂಗ್ಲಿಷ್ ಸಣ್ಣಕ್ಷರ, ಹೈಫನ್ ಎರಡೇ. ಫೈಲೇ ಇಲ್ಲದೆ ಹೊಸದಾಗಿ ಮಾಡುತ್ತಿದ್ದರೆ ಮೊದಲ ಸಾಲು "$ಇನ್‌ಕ್ಲೂಡ್ /ಇಟಿಸಿ/ಇನ್‌ಪುಟ್‌ಆರ್‌ಸಿ" ಇರಲಿ. ನಿಮ್ಮ ಫೈಲ್ ಸಿಕ್ಕಿತೆಂದರೆ ರೀಡ್‌ಲೈನ್ ಸಿಸ್ಟಮ್ ಫೈಲನ್ನು ತಾನಾಗಿ ಓದುವುದಿಲ್ಲ. ಅದರಲ್ಲಿದ್ದ ಕೀ ಸೆಟ್ಟಿಂಗುಗಳೂ ಕೈಬಿಡುತ್ತವೆ. ಬಹಳ ಜನ ಎಡವುವುದು ಇಲ್ಲೇ. ಆಮೇಲೆ ಫೈಲನ್ನು ಮತ್ತೆ ಓದಿಸಲು ಕಂಟ್ರೋಲ್-ಎಕ್ಸ್, ಕಂಟ್ರೋಲ್-ಆರ್ ಒತ್ತಿ. ಬೈಂಡ್ -ವಿ ಕೊಟ್ಟರೆ ಆಫ್ ಆಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಚುಕ್ಕಿ ಫೈಲ್ ಬೇಕಾದಾಗ ಚುಕ್ಕಿಯನ್ನು ನೀವೇ ಒತ್ತಿ, ಆಮೇಲೆ ಟ್ಯಾಬ್.

ಮ್ಯಾಕ್‌ನವರಿಗೆ ಕಥೆ ಉಲ್ಟಾ. 2019ರ ಮ್ಯಾಕ್‌ಓಎಸ್ ಕ್ಯಾಟಲೀನಾದಿಂದ ಅಲ್ಲಿ ಡೀಫಾಲ್ಟ್ ಶೆಲ್ ಝಡ್‌ಎಸ್‌ಎಚ್. ಅದು ರೀಡ್‌ಲೈನನ್ನು ಬಳಸುವುದಿಲ್ಲ, ಚುಕ್ಕಿ ಫೈಲುಗಳನ್ನು ಕೇಳದೆ ತೋರಿಸುವುದೂ ಇಲ್ಲ. ತೋರಿಸಲೆಂದು ಸೆಟ್‌ಆಪ್ಟ್ ಗ್ಲಾಬ್‌ಡಾಟ್ಸ್ ಹಾಕಿದರೆ * ಕೂಡ ಬದಲಾಗುತ್ತದೆ; ಆರ್‌ಎಮ್ * (ಎಲ್ಲ ಅಳಿಸು) ಅಂದಾಗ ಪ್ರಾಜೆಕ್ಟಿನ ಸೆಟ್ಟಿಂಗುಗಳಿರುವ .ಇಎನ್‌ವಿ ಫೈಲೂ ಸ್ವಾಹಾ. ಅದರ ಬದಲು ಆ ಶೆಲ್ಲಿನ ಸೆಟ್ಟಿಂಗ್ ಫೈಲಾದ .ಝಡ್‌ಎಸ್‌ಎಚ್‌ಆರ್‌ಸಿಯಲ್ಲಿ ಕಾಂಪ್‌ಇನಿಟ್ (ಟ್ಯಾಬ್ ವ್ಯವಸ್ಥೆಯನ್ನು ಶುರುಮಾಡುವ ಸಾಲು) ಆದ ಮೇಲೆ _ಕಾಂಪ್_ಆಪ್ಷನ್ಸ್ ಪಟ್ಟಿಗೆ ಮಾತ್ರ ಗ್ಲಾಬ್‌ಡಾಟ್ಸ್ ಸೇರಿಸಿ. ಪರಿಣಾಮ ಟ್ಯಾಬಿಗಷ್ಟೇ.

ಇದೆಲ್ಲ ಟ್ಯಾಬಿನ ಮಾತು. ಬ್ಯಾಶ್‌ನಲ್ಲಿ ಕೈಯಾರೆ .* ಹೊಡೆಯುವುದು ಬೇರೆಯೇ ಅಪಾಯ: 5.2ಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಅದು ಮೇಲಿನ ಡೈರೆಕ್ಟರಿಯ ಹೆಸರಾದ .. ಅನ್ನೂ ಹಿಡಿಯುತ್ತದೆ, ಒಳಗಿರುವ ಎಲ್ಲದರ ಅನುಮತಿ ಬದಲಿಸುವ ಸಿಎಚ್‌ಮಾಡ್ -ಆರ್ (ದೊಡ್ಡಕ್ಷರದ ಆರ್) ಆ ಮೇಲಿನ ಡೈರೆಕ್ಟರಿಗೂ ಹತ್ತಿಬಿಡುತ್ತದೆ. ಹಳೆಯ ಸರ್ವರಿನಲ್ಲಿ ಮೊದಲು ಎಕೋ .* ಕೊಟ್ಟು ಏನೇನು ಬರುತ್ತದೆ ನೋಡಿಕೊಳ್ಳಿ.