ಚಾವಿ ಯಾರ ಹತ್ರ ಅದ?

ಢಾಕಾದಲ್ಲಿ ಸೋತ ಮರುದಿನವೇ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ನಮ್ಮ ಚಹಾ ಹೋಟೆಲಿನಲ್ಲಿ ಭಾರತ ಫುಟ್‌ಬಾಲ್ ತಂಡಕ್ಕೆ ಹೊಸ ಕೋಚ್ ಹುಡುಕೋ ಕೆಲಸ ಶುರುವಾಯಿತು. ಅಲ್ಲಿ ಕೂತವರಲ್ಲಿ ಬೂಟು ಹಾಕಿ ಚೆಂಡು ಒದ್ದವರು ಒಬ್ಬರೂ ಇಲ್ಲ, ನಾನೂ ಸೇರಿ. ಆದರೆ ಹಿಂದಿನ ಸಾಲಿನಲ್ಲಿ ಮೂವರು ನಿಲ್ಲಬೇಕಿತ್ತೋ ನಾಲ್ವರೋ ಅನ್ನೋದು ಮಾತ್ರ ಎಲ್ಲರಿಗೂ ಗೊತ್ತು. ಟೇಬಲ್ ಮೇಲೆ ಸಕ್ಕರೆ ಡಬ್ಬಿ ಗೋಲ್‌ಕೀಪರ್. ಅದರ ಮುಂದೆ ನಾಲ್ಕು ಖಾಲಿ ಕಪ್ಪು. ಅದರ ಮುಂದೆ ಅರ್ಧ ಕಚ್ಚಿಟ್ಟ ಮಿರ್ಚಿ ಭಜಿ, ಅದು ಡಿಫೆನ್ಸಿವ್ ಮಿಡ್‌ಫೀಲ್ಡರ್. ಹೋಟೆಲ್ ಹುಡುಗ ಬಂದವನೇ ಒಂದೇ ಕೈಯಲ್ಲಿ ನಾಲ್ಕೂ ಕಪ್ಪು ಎತ್ತಿಕೊಂಡು ಹೋದ. ನಮ್ಮ ಡಿಫೆನ್ಸ್ ಯಾವತ್ತೂ ಹೀಗೇ.

ಬಾಂಗ್ಲಾದೇಶ ನಮ್ಮನ್ನು ಸೋಲಿಸಿ 22 ವರ್ಷ ಆಗಿತ್ತು. 2025ರ ನವೆಂಬರ್ 18ರಂದು ಆ ಲೆಕ್ಕವೂ ಚುಕ್ತಾ ಆಯಿತು. ಹಾಗೆ ನೋಡಿದರೆ ಆ ಪಂದ್ಯ ಗೆದ್ದಿದ್ದರೂ ಏನೂ ಸಿಗುತ್ತಿರಲಿಲ್ಲ. ಅಕ್ಟೋಬರಿನಲ್ಲೇ ಗೋವಾಕ್ಕೆ ಬಂದ ಸಿಂಗಪುರ 2-1ರಿಂದ ಗೆದ್ದು, 2027ರ ಏಷ್ಯನ್ ಕಪ್‌ನ ಬಾಗಿಲನ್ನು ನಮ್ಮ ಮುಖಕ್ಕೇ ಹಾಕಿತ್ತು. ಮದುವೆ ಮುರಿದ ಮೇಲೂ ಬೀಗರ ಮನೆಗೆ ಹೋಗಿ, ಊಟ ಸಿಗದೆ ಬೈಸಿಕೊಂಡು ಬಂದಂಗಾಯಿತು ಢಾಕಾ ಪ್ರಯಾಣ.

ಮೂಲೆಯಲ್ಲಿ ಬಾರ್ಸಿಲೋನಾ ಜರ್ಸಿ ಹಾಕಿಕೊಂಡ ಹುಡುಗ ಒಬ್ಬ ಕೂತಿರುತ್ತಾನೆ. ಮೊಬೈಲ್ ರಿಪೇರಿ ಅವನ ಕಸುಬು. ಅವನು ನಿಟ್ಟುಸಿರು ಬಿಟ್ಟ. "ಅವತ್ತು ಚಾವಿ ಬರ್ತೀನಂದಾಗ ಕೈಬಿಟ್ರು ನೋಡ್ರಿ, ಅಲ್ಲೇ ತಪ್ಪಾಯ್ತು."

"ಅದು ಫೇಕ್ ಅಲ್ವೇನಪ್ಪಾ?" ಅಂದೆ.

"ಎಲ್ಲ ಸುಳ್ಳು ಹೇಳ್ಲತ್ತಾರ್ರಿ. ಖರೇನೇ ಅರ್ಜಿ ಹಾಕಿದ್ದ. ಇವರ ಬಲ್ಲಿ ರೊಕ್ಕ ಇರಲಿಲ್ಲ, ಅದಕ್ಕ ಫೇಕ್ ಅಂದಾರ."

ಇವನ ಭಕ್ತಿಗೆ ನಾನು ತಲೆಬಾಗಿದೆ. ಜುಲೈ ತಿಂಗಳ ಆ ಕತೆ ನಿಮಗೂ ನೆನಪಿರಬೇಕು. ಕೋಚ್ ಬೇಕು ಅಂತ ದೇಶದ ಫುಟ್‌ಬಾಲ್ ನಡೆಸೋ ಫೆಡರೇಷನ್ ಜಾಹೀರಾತು ಕೊಟ್ಟಿತು. 170 ಅರ್ಜಿ ಬಂದವು. ಅದರಲ್ಲಿ ಒಂದು ಚಾವಿ ಹೆರ್ನಾಂಡೆಝ್ ಹೆಸರಿನದು. 2010ರಲ್ಲಿ ವಿಶ್ವಕಪ್ ಗೆದ್ದ ಸ್ಪೇನ್ ತಂಡದ ಎದೆಬಡಿತ, ಬಾರ್ಸಿಲೋನಾದ ಕೋಚ್ ಆಗಿದ್ದವನು. ಫಿಫಾ ಪಟ್ಟಿಯಲ್ಲಿ 133ನೇ ಜಾಗದಲ್ಲಿದ್ದ ನಮ್ಮ ತಂಡಕ್ಕೆ ಕೆಲಸ ಕೊಡಿ ಸ್ವಾಮಿ ಅಂತ ಇಮೇಲ್ ಬರೆದನಂತೆ. ಫೋನ್ ನಂಬರ್ ಮಾತ್ರ ಬರೆದಿರಲಿಲ್ಲವಂತೆ. ಹೌದು, ಚಾವಿ ಹೆಸರು ಇದೆ ಅಂತ ಫೆಡರೇಷನ್ ಕಡೆಯವರೇ ಹೇಳಿದರು. ಆತ ಬಹಳ ದುಬಾರಿ ಅನ್ನೋ ಮಾತೂ ಬಂತು. ಬರದೇ ಇರೋ ವರನ ವರದಕ್ಷಿಣೆ ಜಾಸ್ತಿ ಆಯ್ತು ಅಂತ ಸಂಬಂಧ ಬಿಟ್ಟರಲ್ಲ, ಅದನ್ನು ಮೆಚ್ಚಬೇಕು. ಒಂದೆರಡು ದಿನ ಕಳೆದ ಮೇಲೆ, ಆ ಇಮೇಲ್ ಅಸಲಿ ಅಲ್ಲ, ಹೆಸರಾಂತ ಕೋಚ್ ಪೆಪ್ ಗಾರ್ಡಿಯೋಲಾ ಹೆಸರಲ್ಲಿ ಬಂದದ್ದೂ ಅಸಲಿ ಅಲ್ಲ ಅಂತ ಅವರದ್ದೇ ಪ್ರಕಟಣೆ ಬಂತು. ಚಾವಿ ಹೆಸರಲ್ಲಿ ಕಳಿಸಿದ್ದು ನಾನೇ ಅಂತ ವೆಲ್ಲೂರಿನ 19 ವರ್ಷದ ಕಾಲೇಜು ಹುಡುಗ ಒಪ್ಪಿಕೊಂಡ.

ಆ ಒಂದೆರಡು ದಿನ ನಮ್ಮ ಹೋಟೆಲ್ ಹೇಗಿತ್ತು ಅಂತೀರಿ! ಶರಣಬಸವೇಶ್ವರ ಜಾತ್ರೆ ಜುಲೈಯಲ್ಲೇ ಬಂದಂಗಿತ್ತು. ಚಾವಿ ಬಂದರೆ 4-3-3 ಆಡಿಸ್ತಾನೋ, ಮೂವರು ಡಿಫೆಂಡರ್ ಇಡ್ತಾನೋ? 40 ದಾಟಿದ ಸುನಿಲ್ ಛೆಟ್ರಿಯನ್ನು ಮುಂದೆ ನಿಲ್ಲಿಸ್ತಾನೋ, ಮನೆಗೆ ಕಳಿಸ್ತಾನೋ? ಗೋಲ್‌ಕೀಪರ್ ಕಾಲಿನಲ್ಲಿ ಪಾಸ್ ಕೊಡಬೇಕಾಗುತ್ತದೆ, ಅದು ನಮ್ಮವರ ಕೈಲಿ ಆಗುತ್ತಾ? ಒಬ್ಬರು ಕಾಕಾ ಗಂಭೀರವಾಗಿ ಕೇಳಿದರು, "ಅವಗ ನಮ್ಮ ಖಾರ ನಡೀತದೇನು?" ಅವತ್ತು ಎದ್ದ ಪ್ರಶ್ನೆಗಳಲ್ಲಿ ಉತ್ತರ ಹುಡುಕಬೇಕಾದದ್ದು ಅದೊಂದೇ ಆಗಿತ್ತು ಅಂತ ಈಗ ಅನ್ನಿಸುತ್ತದೆ.

ಹೆಸರಿನದೇ ಒಂದು ರಾಮಾಯಣ. ಟಿವಿಯವರು ಝಾವಿ ಅಂದರು. ಪೇಪರಿನವರು ಕ್ಸೇವಿ ಅಂದರು. ನಮ್ಮ ಜರ್ಸಿ ಹುಡುಗ ಎದೆ ತಟ್ಟಿಕೊಂಡು, "ಅಲ್ಲಿಯವರು ಚಾವಿ ಅಂತಾರ್ರಿ" ಅಂದ. ಅವನು ಹೇಳಿದ್ದು ಸರಿ. ಆದರೆ ನಮ್ಮ ಕಡೆ ಚಾವಿ ಅಂದರೆ ಕೀಲಿ ತೆಗೆಯೋದು. ಕಾಕಾ ಥಟ್ಟನೆ, "ಚಾವಿ ಸಿಕ್ತು ಅಂತೀರಿ, ಕೀಲಿ ಎಲ್ಲಿ ಅದ?" ಅಂದರು. ಎಲ್ಲರೂ ನಕ್ಕೆವು. ಕೂಸು ಹುಟ್ಟೋಕೆ ಮೊದಲೇ ಕುಲಾವಿ, ಕೀಲಿ ಇಲ್ಲದಿದ್ದರೂ ಚಾವಿ.

ಟಿಕಿ-ಟಾಕಾ ನಮಗೆ ಒಗ್ಗುತ್ತಾ ಅನ್ನೋದು ಆಗಿನ ದೊಡ್ಡ ಚರ್ಚೆ. ಒಗ್ಗದೆ ಏನು? ಸಣ್ಣ ಸಣ್ಣ ಪಾಸು, ಮುಂದೆ ಹೋಗೋ ಅವಸರವೇ ಇಲ್ಲ, ಸುಮ್ನೆ ಇವನಿಂದ ಅವನಿಗೆ, ಅವನಿಂದ ಮತ್ತೆ ಇವನಿಗೆ. ನನ್ನ ಪಹಣಿ ತಿದ್ದುಪಡಿ ಫೈಲು ಒಂದು ಆಫೀಸಿನಲ್ಲಿ ಎರಡು ವರ್ಷದಿಂದ ಇದನ್ನೇ ಆಡುತ್ತಿದೆ. ಪೊಸೆಷನ್ ಪೂರ್ತಿ ಅವರದೇ, ಗೋಲು ಮಾತ್ರ ಇಲ್ಲ. ಚಾವಿ ಆಡೋ ಕಾಲದಲ್ಲಿ ಚೆಂಡು ಕಾಲಿಗೆ ಬರೋಕೆ ಮೊದಲೇ ಎಡಕ್ಕೆ, ಬಲಕ್ಕೆ, ಹಿಂದಕ್ಕೆ ಕತ್ತು ತಿರುಗಿಸಿ ನೋಡುತ್ತಿದ್ದನಂತೆ. ಅದನ್ನು ದೊಡ್ಡ ಪ್ರತಿಭೆ ಅಂತ ಜಗತ್ತು ಹೊಗಳಿತು. ಸಂಜೆ ಆರಕ್ಕೆ ಜಗತ್ ಸರ್ಕಲ್ ದಾಟೋ ಯಾವ ಅಜ್ಜಿಯನ್ನು ಬೇಕಾದರೂ ನೋಡಿ, ಹಂಗೇ ಮಾಡ್ತಾಳೆ. ಇನ್ನು ಹೈ ಪ್ರೆಸ್ ಅಂದರೆ ಎದುರಾಳಿಗೆ ಉಸಿರಾಡೋಕೂ ಬಿಡದೆ ಅವನ ಮನೆ ಬಾಗಿಲಿಗೇ ಹೋಗಿ ಒತ್ತೋದು. 2025ರ ಸೆಪ್ಟೆಂಬರಿನಲ್ಲಿ ಭೀಮೆ ಹೊಲಕ್ಕೆ ನುಗ್ಗಿ ಅದನ್ನೂ ಕಲಿಸಿ ಹೋದಳು. ತೊಗರಿ ಬೆಳೆದವರನ್ನು ಕೇಳಿ ನೋಡಿ.

ಹೋಟೆಲಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಯೂ ಒಬ್ಬನಿದ್ದಾನೆ. ಕೋಚ್ ಹುಡುಕೋ ವಿಷಯದಲ್ಲಿ ಅವನೇ ನಮ್ಮ ಹಿರಿಯ. ಫರ್ಗ್ಯುಸನ್ 2013ರಲ್ಲಿ ನಿವೃತ್ತರಾದಾಗಿನಿಂದ ಅವನಿಗೆ ಇದೇ ಕೆಲಸ. ಮೋಯ್ಸ್, ವಾನ್ ಹಾಲ್, ಮೊರಿನ್ಯೋ, ಸೋಲ್‌ಶಾರ್, ಟೆನ್ ಹಾಗ್, ಅಮೋರಿಮ್. ಮನೆ ಸೊಸೆಯಂದಿರ ಹೆಸರು ಹೇಳಿದಂಗೆ ಒಂದೇ ಉಸಿರಿಗೆ ಹೇಳುತ್ತಾನೆ. ಹೊಸಬ ಬಂದಾಗಲೆಲ್ಲ, ಈ ಸಲ ಸ್ಟೈಲೇ ಬೇರೆ ನೋಡ್ರಿ ಅನ್ನುತ್ತಾನೆ. 2024-25ರ ಸೀಸನ್ನಿನಲ್ಲಿ ತಂಡ 15ನೇ ಜಾಗಕ್ಕೆ ಇಳಿದಾಗ ಮೂರು ದಿನ ಹೋಟೆಲಿಗೇ ಬರಲಿಲ್ಲ. ನಾವೇ ಹೋಗಿ ಸಮಾಧಾನ ಮಾಡಿದೆವು. 15 ಅಂದರೆ ನಮಗೆ ಹಬ್ಬ ಕಣೋ, ಈ ವರ್ಷದ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಜಿಲ್ಲೆ ಇಡೀ ರಾಜ್ಯಕ್ಕೇ ಕೊನೆ ಅಂತ. ಅವನಿಗೆ ಸ್ವಲ್ಪ ಹಗುರಾಯಿತು. ನಮಗೆ ಭಾರವಾಯಿತು.

ಫೇಕ್ ಇಮೇಲ್ ನಂಬಿದ್ದಕ್ಕೆ ಫೆಡರೇಷನ್ನಿನವರನ್ನು ಎಲ್ಲರೂ ನಗೆಯಾಡಿದರು. ನನಗೆ ಯಾಕೋ ಅವರ ಮೇಲೆ ಪ್ರೀತಿ ಉಕ್ಕಿತು. ಅವರೂ ನಮ್ಮಂಥ ಅಭಿಮಾನಿಗಳೇ ಅಲ್ವಾ? ಇನ್‌ಬಾಕ್ಸಿನಲ್ಲಿ ಚಾವಿ ಹೆಸರು ಕಂಡ ಕೂಡಲೇ ಅವರ ಎದೆಯೂ ಢವಢವ ಅಂದಿರಬೇಕು. ಅದೂ ಅಲ್ಲದೆ ಇವರು ಹಿಂದೆ ಇದಕ್ಕಿಂತ ದೊಡ್ಡ ಶಕ್ತಿಗಳನ್ನು ನಂಬಿದವರು. 2022ರ ಏಷ್ಯನ್ ಕಪ್ ಅರ್ಹತಾ ಪಂದ್ಯಗಳಿಗೆ ಯಾರನ್ನು ಆಡಿಸಬೇಕು ಅಂತ ಆಗಿನ ಕೋಚ್ ಇಗೋರ್ ಸ್ಟಿಮಾಚ್ ಜ್ಯೋತಿಷಿಯನ್ನು ಕೇಳಿದ್ದರು ಅನ್ನೋ ಸುದ್ದಿ 2023ರಲ್ಲಿ ಪತ್ರಿಕೆಯಲ್ಲಿ ಬಂದಿತ್ತು. ಆಟಗಾರರ ಹೆಸರು ಅತ್ತ ಹೋಗೋದು, ಇವನಿಗೆ ದಿನ ಚೆನ್ನಾಗಿದೆ, ಅವನಿಗೆ ಬೇಡ ಅನ್ನೋ ಉತ್ತರ ಇತ್ತ ಬರೋದು. ಫೆಡರೇಷನ್ನಿನಿಂದ ಆ ಜ್ಯೋತಿಷಿಗೆ ಲಕ್ಷಗಟ್ಟಲೆ ರೂಪಾಯಿ ಹೋಗಿದೆ ಅಂತಲೂ ಬಂತು. ಕ್ರೊಯೇಷಿಯಾದಿಂದ ಬಂದು, ವಿಶ್ವಕಪ್ ಆಡಿದ ಮನುಷ್ಯ, ನಮ್ಮ ನೆಲದ ನೀರು ಕುಡಿದು ಪಂಚಾಂಗ ಹಿಡಿದ! ಇದನ್ನೇ ಅಲ್ವಾ ದೇಶಕ್ಕೆ ಒಗ್ಗೋ ಶೈಲಿ ಅನ್ನೋದು? ನಮ್ಮ ಓಣಿಯಲ್ಲಿ ಬೋರ್‌ವೆಲ್ ಹಾಕಿಸೋರೂ ತೆಂಗಿನಕಾಯಿ ಹಿಡಿದು ನಡೆಯುತ್ತಾರೆ. ನೀರು ಬಿದ್ದರೆ ಕಾಯಿ, ಬೀಳದಿದ್ದರೆ ಹಣೆಬರಹ. ಈ ಪದ್ಧತಿಯಲ್ಲಿ ಕೋಚ್‌ಗೆ ಒಂದು ಅನುಕೂಲ ಇದೆ. ಸೋತರೆ ಬೈಯೋಕೆ ಶನಿ ಇರ್ತಾನೆ.

ಕಾಕಾ ಇಂಥ ಮಾತಿಗೆಲ್ಲ ರೇಗುತ್ತಾರೆ. ಅವರಿಗೆ ಕೋಚ್ ಅಂದರೆ ಒಬ್ಬರೇ, ಹೈದರಾಬಾದಿನ ಸಯ್ಯದ್ ಅಬ್ದುಲ್ ರಹೀಮ್. ಶಾಲೆ ಮಾಸ್ತರು. 1951ರಲ್ಲೂ 1962ರಲ್ಲೂ ಏಷ್ಯನ್ ಗೇಮ್ಸ್ ಚಿನ್ನ ತಂದವರು. ಜಕಾರ್ತಾದ ಆ ಎರಡನೇ ಚಿನ್ನದ ಹೊತ್ತಿಗೆ ಮೈಯಲ್ಲಿ ಕ್ಯಾನ್ಸರ್ ಇತ್ತು. ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಬಂದರು, ಮರುವರ್ಷ ಜೂನಿನಲ್ಲಿ ತೀರಿಕೊಂಡರು. "ನಮ್ಮ ರಾಜ್ಯದವರೇ ಅವರು" ಅನ್ನೋದು ಕಾಕಾ ಹೆಮ್ಮೆ. 1956ರ ನವೆಂಬರ್ 1ರವರೆಗೆ ಕಲಬುರಗಿ ಹೈದರಾಬಾದ್ ರಾಜ್ಯದಲ್ಲೇ ಇತ್ತಲ್ಲ. ಅದಾಗಿ ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ರಹೀಮ್ ಸಾಹೇಬರ ತಂಡ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಆಸ್ಟ್ರೇಲಿಯಾಕ್ಕೆ ನಾಲ್ಕು ಗೋಲು ಹೊಡೆಯಿತು. ಅದರಲ್ಲಿ ಮೂರು ನೆವಿಲ್ ಡಿಸೋಜಾ ಒಬ್ಬರದೇ. ಕೊನೆಗೆ ನಾಲ್ಕನೇ ಸ್ಥಾನ ಬಂತು. ಇನ್ನೊಂದು ತಿಂಗಳು ತಡೆದಿದ್ದರೆ ಅದರಲ್ಲಿ ನಮಗೂ ಪಾಲು ಸಿಗುತ್ತಿತ್ತು ಅಂತ ಕಾಕಾ ಈಗಲೂ ಕೊರಗುತ್ತಾರೆ. ಹಳೇ ಗಡಿ ಜಗಳಕ್ಕೆ ಇಂಥ ಕಾರಣವನ್ನು ಬೇರೆ ಯಾರೂ ಕೊಟ್ಟಿರಲಿಕ್ಕಿಲ್ಲ.

ರಹೀಮ್ ಸಾಹೇಬರಿಗೆ ಆಡಿಸೋಕೆ ಆಟಗಾರರಿದ್ದರು. ಹೈದರಾಬಾದ್ ಸಿಟಿ ಪೊಲೀಸ್ ತಂಡವೊಂದೇ 1950ರಿಂದ ಸತತ ಐದು ವರ್ಷ ರೋವರ್ಸ್ ಕಪ್ ಎತ್ತಿತು. ಈಗ?

ಈಗ ನಗು ಬರೋಲ್ಲ ನನಗೆ. ಕೋಚ್ ಆಗ್ತೀವಿ ಅಂತ 170 ಮಂದಿ ಅರ್ಜಿ ಹಾಕಿದ ದೇಶದಲ್ಲಿ, ಲೀಗ್ ನಡೆಸ್ತೀವಿ ಅಂತ ಒಬ್ಬರೂ ಮುಂದೆ ಬರಲಿಲ್ಲ. ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಐಎಸ್‌ಎಲ್‌ನ ವಾಣಿಜ್ಯ ಹಕ್ಕಿನ ಟೆಂಡರ್ ನವೆಂಬರ್ 7ಕ್ಕೆ ಮುಗಿಯಿತು. ಬಂದ ಬಿಡ್ ಸೊನ್ನೆ. ಫೇಕ್ ಬಿಡ್ ಕೂಡ ಬರಲಿಲ್ಲ. ವೆಲ್ಲೂರಿನ ಹುಡುಗನಿಗೂ ಬೇಡವಾದ ಲೀಗ್ ಅದು. ನಮ್ಮ ರಾಜ್ಯದ ಬೆಂಗಳೂರು ಎಫ್‌ಸಿ ಆಗಸ್ಟಿನಲ್ಲೇ ಮೊದಲ ತಂಡದವರ ಸಂಬಳ ನಿಲ್ಲಿಸಿತು. ಕೆಲಸ ಇಲ್ಲದೆ, ಪಂದ್ಯ ಇಲ್ಲದೆ ಮನೆಯಲ್ಲಿ ಕೂತವರನ್ನು ಕರೆದುಕೊಂಡು ಬಂದು, ಹೋಗಿ ಢಾಕಾದಲ್ಲಿ ಗೆದ್ದು ಬನ್ನಿ ಅಂತ ಕಳಿಸಿದರು. ಸೋತು ಬಂದ ಮೇಲೆ ನಾವು ಕೋಚ್ ಖಾಲಿದ್ ಜಮೀಲ್ ಸ್ಟೈಲ್ ಸರಿ ಇಲ್ಲ, ಜಾಸ್ತಿ ಹಿಂದಕ್ಕೆ ಕೂತು ಆಡಿಸ್ತಾರೆ ಅಂತ ಕಪ್ಪು ಜೋಡಿಸುತ್ತಿದ್ದೇವೆ. ಅದೇ ಜಮೀಲ್ 2017ರಲ್ಲಿ ಐಜಾಲ್‌ನಂಥ ಸಣ್ಣ ಊರಿನ ಕ್ಲಬ್ ಕಟ್ಟಿಕೊಂಡು ಐ-ಲೀಗ್ ಗೆದ್ದವರು. ಆಗಲೂ ಹಿಂದಕ್ಕೇ ಕೂತು ಆಡಿಸಿದ್ದರು. ನಾಚಿಕೆ ಆಗಬೇಕಾದದ್ದು ಯಾರಿಗೆ? ಇರಲಿ ಬಿಡಿ.

ನನ್ನ ತಂಗಿಗೆ ಒಬ್ಬ ಮಗ. ಹನ್ನೊಂದು ವರ್ಷ. ಹುಟ್ಟುಹಬ್ಬಕ್ಕೆ ಅತ್ತು ಕರೆದು ಫುಟ್‌ಬಾಲ್ ಬೂಟು ತೆಗೆಸಿಕೊಂಡ. ಕೆಳಗೆ ಮೊಳೆಯಂಥ ಸ್ಟಡ್ ಇರೋವು. ಆಡೋಕೆ ಜಾಗ ಇಲ್ಲ, ಮನೆಯೊಳಗೇ ಹಾಕಿಕೊಂಡು ಓಡಾಡುತ್ತಾನೆ. ನಮ್ಮ ಮನೆ ನೆಲ ಶಹಾಬಾದ್ ಕಲ್ಲಿನದು. ಪಡಸಾಲೆಯಿಂದ ಅಡುಗೆಮನೆಗೆ ಟಕಟಕಟಕ ಅಂತ ಕುದುರೆ ಹೋದಂಗೆ ಸದ್ದು. ತಿರುವಿನಲ್ಲಿ ಸರ್‍ರ್ ಅಂತ ಜಾರಿ ಹಿಟ್ಟಿನ ಡಬ್ಬಿಗೆ ಹೋಗಿ ಬಡಿಯುತ್ತಾನೆ. ರೊಟ್ಟಿ ಬಡಿಯೋ ಅವನ ಅಜ್ಜಿ ತಲೆ ಎತ್ತದೆ, "ಫೌಲು" ಅನ್ನುತ್ತಾಳೆ. ಅಷ್ಟು ಕಲಿತಿದ್ದಾಳೆ.

ಕಳೆದ ಭಾನುವಾರ ಅವನನ್ನು ಓಣಿ ಹತ್ತಿರದ ಒಂದು ಮೈದಾನಕ್ಕೆ ಕರೆದುಕೊಂಡು ಹೋದೆ. ಗೇಟಿಗೆ ಸರಪಳಿ ಸುತ್ತಿ ಕೀಲಿ ಜಡಿದಿತ್ತು. ಕೀಲಿಗೆ ಮಳೆ ನೀರು ಹೋಗಬಾರದು ಅಂತ ಯಾರೋ ಹಾಲಿನ ಪಾಕೀಟು ಕಟ್ಟಿದ್ದರು. ಮೈದಾನಕ್ಕಿಂತ ಕೀಲಿಯ ಕಾಳಜಿ ಜಾಸ್ತಿ. ಒಳಗೆ ಯಾವುದೋ ಮೇಳದ ಪೆಂಡಾಲಿಗೆ ತೋಡಿದ ಕುಣಿಗಳು ಹಾಗೇ ಬಾಯಿ ತೆರೆದುಕೊಂಡು ಬಿದ್ದಿದ್ದವು. ಬೇವಿನ ಗಿಡದ ಕೆಳಗೆ ವಾಚ್‌ಮನ್ ಕುರ್ಚಿ ಹಾಕಿಕೊಂಡು ಕೂತಿದ್ದ.

"ಚಾವಿ ಯಾರ ಹತ್ರ ಅದರಿ?" ಅಂದೆ.

"ಸಾಹೇಬ್ರ ಹತ್ರ."

"ಸಾಹೇಬ್ರು?"

"ಬೆಂಗಳೂರಿಗೆ ಹೋಗ್ಯಾರ."

"ಮತ್ತ ಹುಡುಗರು ಆಡಬೇಕಂದ್ರ?"

"ಅರ್ಜಿ ಕೊಡ್ರಿ. ಆಧಾರ್ ಝೆರಾಕ್ಸ್ ಹಚ್ರಿ, ಒಂದು ಫೋಟೋ ಹಚ್ರಿ. ಫೋನ್ ನಂಬರ್ ಬರೀಲಾಕ ಮರೀಬ್ಯಾಡ್ರಿ. ನಂಬರ್ ಇಲ್ಲದ ಅರ್ಜಿ ನಾವು ತಗೋಳ್ಳಂಗಿಲ್ಲ."

ಇಂಥ ಮನುಷ್ಯನನ್ನು ಬೇವಿನ ಗಿಡದ ಕೆಳಗೆ ಕೂರಿಸಿ, ದಿಲ್ಲಿಯ ಇನ್‌ಬಾಕ್ಸ್ ಮುಂದೆ ಯಾರನ್ನೋ ಕೂರಿಸಿದ್ದಾರಲ್ಲ ಅಂತ ಯೋಚಿಸುತ್ತ ನಿಂತೆ. ಅಷ್ಟರಲ್ಲಿ ನಮ್ಮ ಹುಡುಗ ಪಕ್ಕದಲ್ಲಿ ಇರಲಿಲ್ಲ. ಗೇಟಿನ ಕೆಳಗೆ ನಾಯಿ ಹೋಗುವಷ್ಟು ಸಂದಿ ಇತ್ತು. ಮೊದಲು ಚೆಂಡು ಹೋಗಿತ್ತು, ಆಮೇಲೆ ಬೂಟು. ಅವನ ಹಿಂದೆ ಇನ್ನೂ ನಾಲ್ಕು ಹುಡುಗರು ಹೊಟ್ಟೆ ಎಳೆದುಕೊಂಡು ತೂರುತ್ತಿದ್ದರು. ವಾಚ್‌ಮನ್ ನನ್ನ ಮುಖ ನೋಡಿದ, ಕುರ್ಚಿಯನ್ನು ಆ ಕಡೆ ತಿರುಗಿಸಿಕೊಂಡು ಕೂತ.