ಎಂಜಿನ್ ಸರಳ, ಸುತ್ತಲಿನ ಸಂಸಾರ ಅಲ್ಲ

ಮನೆಯ ಶೆಡ್ಡಿನಲ್ಲೇ ವಿಮಾನ ಕಟ್ಟುವ ಅಮೆರಿಕದ ಹವ್ಯಾಸಿಗಳಲ್ಲಿ ಒಂದು ಸಣ್ಣ ಪಂಗಡವಿದೆ. ಉಳಿದವರು ವಿಮಾನಕ್ಕೆಂದೇ ತಯಾರಾಗುವ ಲೈಕಮಿಂಗ್ ಎಂಜಿನ್ ಕೂರಿಸಿದರೆ ಇವರು ಹಳೆಯ ಮಾಜ್ದಾ ಆರ್‌ಎಕ್ಸ್-7 ಕಾರಿನ 13ಬಿ ರೋಟರಿ ಎಂಜಿನ್ನನ್ನು ಬಿಚ್ಚಿ ತಂದು ವಿಮಾನದ ಮೂತಿಗೆ ಬಿಗಿಯುತ್ತಾರೆ. (ಮೊದಲ ಮಹಾಯುದ್ಧದ ವಿಮಾನಗಳಲ್ಲಿ ಸಿಲಿಂಡರುಗಳೇ ಗಿರಗಿರನೆ ಸುತ್ತುತ್ತ ಪೈಲಟ್‌ಗಳ ಮೇಲೆ ಹರಳೆಣ್ಣೆ ಎರಚುತ್ತಿದ್ದ ರೋಟರಿ ಬೇರೆ, ಇದು ಜರ್ಮನಿಯ ಎಂಜಿನಿಯರ್ ಫೆಲಿಕ್ಸ್ ವ್ಯಾಂಕೆಲ್ ಕಲ್ಪನೆಯ ಕೂಸು.) ಈ ಪಂಗಡದ ಮೇಲೆ ನನಗೆ ಅಕ್ಕರೆಯಿದೆ. ಆದರೆ ಅವರು ಪದೇ ಪದೇ ಆಡುವ ಒಂದು ಮಾತಿಗೆ ನನ್ನ ತಕರಾರು: "ಇದರಲ್ಲಿ ಕೆಡುವುದಕ್ಕೆ ಏನಿದೆ?"

ಅದು ಅರ್ಧ ನಿಜ. ವಾಲ್ವ್ ಇಲ್ಲ, ಕ್ಯಾಮ್‌ಶಾಫ್ಟ್ ಇಲ್ಲ, ಕನೆಕ್ಟಿಂಗ್ ರಾಡ್ ಇಲ್ಲ. ಪಿಸ್ಟನ್ನಿನ ಬದಲು ಗೂಡಿನೊಳಗೆ ಸುತ್ತುವ ಎರಡು ತ್ರಿಕೋನ ರೋಟರ್, ಒಂದು ಶಾಫ್ಟ್, 1308 ಸಿಸಿ. ರೋಟರಿನ ತುದಿಯ ಸೀಲ್ ಮುರಿದರೂ ಎಂಜಿನ್ ತಟ್ಟನೆ ಕಚ್ಚಿಕೊಂಡು ನಿಲ್ಲುವುದು ಅಪರೂಪ. ಬಲ ಕುಗ್ಗಿದರೂ ತಿರುಗುತ್ತಲೇ ಇರುತ್ತದೆ. ಆಕಾಶದಲ್ಲಿರುವವನಿಗೆ ಇದು ಸಣ್ಣ ವರವಲ್ಲ.

ಉಳಿದರ್ಧ ಎಂಜಿನ್ನಿನ ಹೊರಗಿದೆ. ಈ ಎಂಜಿನ್ ಶಕ್ತಿ ಕೊಡುವುದು ನಿಮಿಷಕ್ಕೆ ಸುಮಾರು 6000 ಸುತ್ತಿನಲ್ಲಿ. ಅದೇ ವೇಗದಲ್ಲಿ 1.8 ಮೀಟರ್ ವ್ಯಾಸದ ಪ್ರೊಪೆಲ್ಲರ್ ತಿರುಗಿದರೆ ಅದರ ತುದಿ ಸೆಕೆಂಡಿಗೆ 565 ಮೀಟರ್ ಓಡುತ್ತದೆ. ಶಬ್ದದ ವೇಗ 340ರ ಆಸುಪಾಸು. ತುದಿ ಅದನ್ನು ಮೀರಿದರೆ ಶಕ್ತಿಯೆಲ್ಲ ಸದ್ದಿಗೇ ಪೋಲಾಗಿ ತಳ್ಳು ಕುಗ್ಗುತ್ತದೆ. ಹಾಗಾಗಿ ನಡುವೆ ವೇಗ ತಗ್ಗಿಸುವ ಗಿಯರ್ ಪೆಟ್ಟಿಗೆ ಬೇಕು. ರೇಡಿಯೇಟರ್ ಬೇಕು, ಕಾರಿನ ಏಸಿಯ ಇವಾಪರೇಟರನ್ನೇ ರೇಡಿಯೇಟರ್ ಮಾಡಿಕೊಂಡ ಜಾಣರೂ ಇದ್ದಾರೆ. ರೋಟರುಗಳನ್ನು ತಣಿಸುವುದು ಎಣ್ಣೆಯೇ ಆದ್ದರಿಂದ ದೊಡ್ಡ ಆಯಿಲ್ ಕೂಲರ್ ಬೇಕು. ಹೊಗೆಯಂತೂ ಎಷ್ಟು ಬಿಸಿಯೆಂದರೆ ಸಾಧಾರಣ ಉಕ್ಕಿನ ಸೈಲೆನ್ಸರಿನ ಒಳಭಾಗ ಸುಟ್ಟು ಚೂರಾಗುತ್ತದೆ. ಬ್ಯಾಟರಿಯ ಹಂಗಿಲ್ಲದೆ ಕಿಡಿ ಹುಟ್ಟಿಸುವ ಮ್ಯಾಗ್ನೆಟೊ ಇಲ್ಲದ್ದರಿಂದ ಕಿಡಿಗೂ ಇಂಧನ ಪಂಪಿಗೂ ಬ್ಯಾಟರಿಯೇ ಗತಿ. ಮಾಜ್ದಾದ ಎಂಜಿನಿಯರುಗಳು ವರ್ಷಗಟ್ಟಲೆ ತಿದ್ದಿದ್ದು ಎಂಜಿನ್ನನ್ನು. ಈ ಪೈಪು, ತಂತಿ, ಬ್ರಾಕೆಟ್ಟುಗಳ ವಿನ್ಯಾಸಕಾರ ಶೆಡ್ಡಿನ ಯಜಮಾನನೇ.

ಆದ್ದರಿಂದಲೇ ಮೊದಲ ಬಾರಿ ಚಾಲೂ ಮಾಡುವ ವಿಡಿಯೊಗಳು ನನಗೆ ರುಚಿಸುವುದಿಲ್ಲ. ಎಂಜಿನ್ ಗುಡುಗುತ್ತದೆ, ಗೆಳೆಯರು ಚಪ್ಪಾಳೆ ತಟ್ಟುತ್ತಾರೆ, ವಿಡಿಯೊ ಮುಗಿಯುತ್ತದೆ. ಅದರಿಂದ ಸಾಬೀತಾಗಿದ್ದು ಇಷ್ಟೇ: ಪೆಟ್ರೋಲು, ಗಾಳಿ, ಕಿಡಿ ಒಂದೆಡೆ ಸೇರಿದರೆ ಉರಿಯುತ್ತದೆ.

ನಿಜವಾದ ಕೆಲಸ ಅದಕ್ಕೂ ಮೊದಲೇ ಶುರುವಾಗುತ್ತದೆ. ಸ್ಪಾರ್ಕ್ ಪ್ಲಗ್ ತೆಗೆದು, ಎಣ್ಣೆಯ ಒತ್ತಡ ಮೀಟರಿನಲ್ಲಿ ಏಳುವವರೆಗೆ ಸ್ಟಾರ್ಟರಿನಿಂದ ತಿರುಗಿಸಬೇಕು. ಯಾವಾಗ ಎಷ್ಟು ಪೆಟ್ರೋಲು ಬಿಡಬೇಕೆಂದು ಎಂಜಿನ್ನಿನ ಕಂಪ್ಯೂಟರಿಗೆ ಹೇಳುವ ಇಂಧನದ ನಕ್ಷೆ ಹೊಂದದೆ ಪೆಟ್ರೋಲು ಹೆಚ್ಚಾಗಿ ನುಗ್ಗಿದರೆ ಸೀಲುಗಳ ಮೇಲಿನ ಎಣ್ಣೆಯ ಪದರ ತೊಳೆದುಹೋಗಿ ಕಂಪ್ರೆಶನ್ ಬೀಳುತ್ತದೆ. ಆಮೇಲೆ ಎಷ್ಟು ತಿರುಗಿಸಿದರೂ ಬ್ಯಾಟರಿ ಸೋಲುತ್ತದೆಯೇ ಹೊರತು ಎಂಜಿನ್ ಹತ್ತುವುದಿಲ್ಲ. ಮತ್ತೆ ಪ್ಲಗ್ ಬಿಚ್ಚಿ, ತುಸು ಎಣ್ಣೆ ಬಿಟ್ಟು, ಮೊದಲಿನಿಂದ. ಹತ್ತಿದ ಮೇಲೂ ನಿಧಾನಗತಿಯಲ್ಲಿ ಗಿಯರ್ ಪೆಟ್ಟಿಗೆ ಕಟಕಟಿಸುತ್ತದೆ. ಕಾರಿನಂತೆ ಮೆಲ್ಲಗೆ ಗುನುಗಲಿ ಎಂದು ಬಿಡದೆ ವೇಗವನ್ನು ತುಸು ಮೇಲೆಯೇ ಇಡಬೇಕು.

ಬಹಳ ಜನ ಬಿಟ್ಟುಬಿಡುವ ಪರೀಕ್ಷೆಯೊಂದಿದೆ. ಎಂಜಿನ್ ನಿಲ್ಲಿಸಿ, ಏರುವ ಕೋನಕ್ಕೆ ಮೂತಿ ಎತ್ತಿ, ಇಂಧನದ ಕೊಳವೆಯನ್ನು ಎಂಜಿನ್ ಬಳಿ ಬಿಚ್ಚಿ ಕ್ಯಾನಿಗೆ ಹರಿಸಿ ಅಳೆಯುವುದು. ಪಂಪಿನ ವ್ಯವಸ್ಥೆಯಾದರೆ ಪೂರ್ತಿ ಶಕ್ತಿಗೆ ಬೇಕಾದದ್ದರ ಶೇ 125ರಷ್ಟಾದರೂ ಹರಿಯಬೇಕು. ಇದಕ್ಕೆ ಸದ್ದಿಲ್ಲ, ಚಪ್ಪಾಳೆಯೂ ಇಲ್ಲ. ಆದರೆ ಟೇಕಾಫ್ ಆದ ಕೂಡಲೇ ಎಂಜಿನ್ ಸೊರಗುತ್ತದೆಯೋ ಇಲ್ಲವೋ ಎಂಬುದಕ್ಕೆ ನೆಲದ ಮೇಲೆ ಸಿಗುವ ಉತ್ತರ ಈ ಕ್ಯಾನಿನಲ್ಲಿದೆ.

ಬಿಸಿಯ ವಿಷಯದಲ್ಲಿ ಮಾತ್ರ ನೆಲದ ಓಟವನ್ನು ಪೂರ್ತಿ ನಂಬುವಂತಿಲ್ಲ. ಪ್ರೊಪೆಲ್ಲರಿನ ಬುಡದಲ್ಲಿ ಗಾಳಿಯ ತಳ್ಳು ಕಡಿಮೆ. ನಿಂತ ವಿಮಾನದಲ್ಲಿ ನೀರು ಬೇಗ ಕಾಯುತ್ತದೆ. ಆ ಅಂಕಿ ನೋಡಿ ಕಂಗೆಟ್ಟು ರೇಡಿಯೇಟರ್ ಬದಲಿಸುವುದೂ ತಪ್ಪು, ಹಾರಿದರೆ ಸರಿಹೋಗುತ್ತದೆ ಎಂದು ಕೈತೊಳೆದುಕೊಳ್ಳುವುದೂ ತಪ್ಪು. ಈ ಎಂಜಿನ್ನಿನ ಕಬ್ಬಿಣದ ಮತ್ತು ಅಲ್ಯೂಮಿನಿಯಮ್ಮಿನ ಪದರಗಳ ನಡುವೆ ನೀರು ತಡೆಯುವ ರಬ್ಬರ್ ಸೀಲುಗಳಿವೆ. ಅತಿಯಾಗಿ ಕಾದರೆ ಕೆಡುವುದು ಅವೇ. ಹಾಗಾಗಿ ಪೂರ್ತಿ ಶಕ್ತಿಯ ಓಟ ಚಿಕ್ಕದಿರಲಿ, ತಣಿಯಲು ಬಿಟ್ಟು ಮತ್ತೊಂದಾಗಲಿ.

ಅಮೆರಿಕದ ರೂಢಿಯಲ್ಲಿ ಪ್ರಮಾಣೀಕೃತ ಎಂಜಿನ್-ಪ್ರೊಪೆಲ್ಲರ್ ಜೋಡಿಯ ಮನೆಕಟ್ಟಿನ ವಿಮಾನಕ್ಕೆ 25 ಗಂಟೆಗಳ ಪರೀಕ್ಷಾ ಹಾರಾಟ, ಇಂಥ ಕಾರಿನ ಎಂಜಿನ್ನಿನದಕ್ಕೆ 40 ಗಂಟೆ. ಇಷ್ಟೊಂದು ಭಾಗಗಳ ವಿನ್ಯಾಸಕಾರ ತಾನೊಬ್ಬನೇ ಆಗಿರುವಾಗ ಹೆಚ್ಚುವರಿ 15 ಗಂಟೆ ನನಗೆ ಕಡಿಮೆ ಅನ್ನಿಸುತ್ತದೆ. ನಾನಾಗಿದ್ದರೆ ಆ ಹೆಚ್ಚುವರಿ ಗಂಟೆಗಳ ದುಪ್ಪಟ್ಟು ಹಾರಿಸದೆ ಪಕ್ಕದ ಸೀಟಿಗೆ ಯಾರನ್ನೂ ಕರೆಯುತ್ತಿರಲಿಲ್ಲ.