"ಪಾಪ ಎರೆನ್" ಅಂದಾಗ ನನಗೆ ಯಾಕೆ ಸಿಟ್ಟು ಬಂತು

ನಿನ್ನೆ ರಾತ್ರಿ ಅಕ್ಕನ ಮಗನ ಜೊತೆ ಕೂತು ಅಟ್ಯಾಕ್ ಆನ್ ಟೈಟನ್ ಅನ್ನುವ ಜಪಾನಿ ಅನಿಮೆ (ಕಾರ್ಟೂನ್) ಸರಣಿಯ ಕೊನೆಯ ಎಪಿಸೋಡ್ ನೋಡಿದೆ. ಎರೆನ್ ಅದರ ನಾಯಕ. ಅವನಿಗೆ ಮೊದಲ ಸಲ, ನನಗೆ ಮೂರನೇ ಸಲ. ಮುಗಿಯುವಷ್ಟರಲ್ಲಿ ಹುಡುಗ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಕಣ್ಣೊರೆಸಿಕೊಂಡು, "ಪಾಪ ಎರೆನ್, ಅಲ್ವಾ ಮಾಮ?" ಅಂದ.

ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಅವನ ಮೇಲಲ್ಲ. ಹದಿನೇಳು ವರ್ಷದ ಹುಡುಗನಿಗೆ ಹಾಗನ್ನಿಸುವಂತೆ ಆ ಕಥೆ ಮುಗಿಯುತ್ತದಲ್ಲ, ಅದರ ಮೇಲೆ. (ಇನ್ನೂ ನೋಡದವರು ಇಲ್ಲೇ ನಿಲ್ಲಿಸಿ. ಮುಂದೆ ಎಲ್ಲಾ ಹೇಳಿಬಿಡುತ್ತೇನೆ.)

ಈ ಸರಣಿ ಅಂದರೆ ನನಗೆ ಏನು ಅಂತ ನಿಮಗೆ ಗೊತ್ತು. 2013ರಲ್ಲಿ ಶುರುವಾಗಿದ್ದು, 2023ರ ನವೆಂಬರ್‌ನಲ್ಲಿ ಮುಗಿಯಿತು. ಅಷ್ಟೂ ವರ್ಷ ನಿಮಗೆಲ್ಲ "ನೋಡಿ, ನೋಡಿ" ಅಂತ ಹೇಳಿದವನು ನಾನು. ಈಗಲೂ ಹೇಳುತ್ತೇನೆ. ಇಷ್ಟಪಟ್ಟಿದ್ದಕ್ಕೇ ಇಷ್ಟು ನೋವು.

ಮೊದಲ ಎಪಿಸೋಡ್ ನೆನಪಿಸಿಕೊಳ್ಳಿ. ಮನುಷ್ಯರನ್ನು ತಿನ್ನುವ ದೈತ್ಯರಿಂದ, ಅಂದರೆ ಟೈಟನ್‌ಗಳಿಂದ, ಊರನ್ನು ಕಾಯುವ ಗೋಡೆ ಒಡೆದಿದೆ. ಎರೆನ್ ಅಮ್ಮ ಕಾರ್ಲಾ ಕುಸಿದ ಮನೆಯ ಅಡಿಯಲ್ಲಿ ಸಿಕ್ಕಿಕೊಂಡಿದ್ದಾಳೆ. ಟೈಟನ್ ಹತ್ತಿರ ಬರುತ್ತಿದೆ. ಕಾವಲು ಸೈನಿಕ ಹಾನೆಸ್ ಎರೆನ್‌ನನ್ನೂ ಅವನ ಜೊತೆ ಬೆಳೆಯುತ್ತಿರುವ ಮಿಕಾಸಾಳನ್ನೂ ಎತ್ತಿಕೊಂಡು ಓಡುತ್ತಾನೆ. ಕಾರ್ಲಾ ಅವನಿಗೆ ಥ್ಯಾಂಕ್ಸ್ ಹೇಳುತ್ತಾಳೆ. ಆಮೇಲೆ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ. ಬೆರಳ ಸಂದಿಯಿಂದ ಒಂದೇ ಮಾತು ಹೊರಗೆ ಬರುತ್ತದೆ. "ಹೋಗಬೇಡಿ." ಮಕ್ಕಳಿಗೆ ಅದು ಕೇಳಿಸಬಾರದು. ಅದಕ್ಕೇ ಆ ಕೈ.

ಇದನ್ನು ಇಲ್ಲಿ ಯಾವತ್ತೂ ಬರೆದಿರಲಿಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದ ಕೊನೆಯ ರಾತ್ರಿ ನನ್ನನ್ನು ಮನೆಗೆ ಕಳಿಸಿದಳು. "ಹೋಗಿ ಊಟ ಮಾಡ್ಕೊಂಡು ಬಾ, ನನಗೇನೂ ಆಗಲ್ಲ" ಅಂದಳು. ಹಾಗೆನ್ನುವಾಗ ಗೋಡೆ ಕಡೆ ಮುಖ ತಿರುಗಿಸಿಕೊಂಡಿದ್ದಳು. ಯಾಕೆ ಅಂತ ನನಗೆ ಹೊಳೆದದ್ದು ಎಷ್ಟೋ ತಿಂಗಳ ಮೇಲೆ, ಕಾರ್ಲಾಳ ಆ ಕೈ ನೋಡಿದಾಗ.

ಒಂದು ಸಾವನ್ನು ಅಷ್ಟು ಹತ್ತಿರದಿಂದ ತೋರಿಸಿದ ಕಥೆ ಇದು. ನನ್ನ ತಕರಾರು ಇರುವುದೂ ಇಲ್ಲೇ.

ಎರೆನ್ ಜೊತೆ ಸೇನೆ ಸೇರಿದ ಸಾಶಾಳನ್ನೇ ನೋಡಿ. ಸೇನೆಯ ಮೊದಲ ದಿನ, ಅಧಿಕಾರಿಯ ಮುಂದೆಯೇ ಬೇಯಿಸಿದ ಆಲೂಗಡ್ಡೆ ತಿನ್ನುತ್ತಾ ನಿಂತ ಹುಡುಗಿ. ಎಷ್ಟೋ ಸೀಸನ್ ಆದ ಮೇಲೆ ಅವಳಿಗೆ ಗುಂಡು ಹೊಡೆಯುವವಳು ಗಾಬಿ, ಗೋಡೆಯ ಆಚೆಯ ಶತ್ರು ನಾಡಿನ ಮಗು. 2021ರಲ್ಲಿ ಬಂದ ಭಾಗದಲ್ಲಿ ಸಾಶಾಳ ಅಪ್ಪನಿಗೆ ಗೊತ್ತಾಗುತ್ತದೆ, ಎದುರಿಗಿರುವ ಈ ಹುಡುಗಿಯೇ ಮಗಳನ್ನು ಕೊಂದವಳು ಅಂತ. ಅವನು ಚಾಕು ಕೇಳಿ ಈಸಿಕೊಳ್ಳುತ್ತಾನೆ. ನಮ್ಮ ಉಸಿರು ನಿಲ್ಲುತ್ತದೆ. ಅವನು ಕೊಲ್ಲುವುದಿಲ್ಲ. ಮಗಳನ್ನು ಕಾಡಿನಿಂದ ಹೊರಗೆ ಕಳಿಸಿದೆ, ಆದರೆ ಈ ಲೋಕವೇ ಒಂದು ದೊಡ್ಡ ಕಾಡು, ಮಕ್ಕಳನ್ನಾದರೂ ಇದರಿಂದ ಆಚೆ ತರಬೇಕು ಎನ್ನುತ್ತಾನೆ. ಬೇಟೆಯಾಡಿ ಬದುಕಿದ ಮನುಷ್ಯ ಆಡುವ ಮಾತು ಇದು. ಅವತ್ತು ಲ್ಯಾಪ್‌ಟಾಪ್ ಮುಚ್ಚಿಟ್ಟು ಸುಮ್ನೆ ಕೂತಿದ್ದೆ.

ಆಮೇಲೆ ರಂಬ್ಲಿಂಗ್. ತನ್ನ ನಾಡು ಉಳಿಸಲು ಅಂತ ಎರೆನ್ ಲೆಕ್ಕವಿಲ್ಲದಷ್ಟು ದೈತ್ಯರನ್ನು ಎಬ್ಬಿಸಿ ಹೊರಗಿನ ಲೋಕವನ್ನು ಊರೂರು ತುಳಿಸುತ್ತಾನೆ. ರಾಮ್ಜಿ ಅನ್ನುವ ಪುಟ್ಟ ಹುಡುಗನ ಮುಂದೆ ಎರೆನ್ ಮೊದಲೇ ಅತ್ತು ಕ್ಷಮೆ ಕೇಳಿರುತ್ತಾನೆ. ಎರೆನ್ ಭಾಷೆ ಆ ಹುಡುಗನಿಗೆ ಅರ್ಥವೇ ಆಗಿರುವುದಿಲ್ಲ. ಕೊನೆಗೆ ಆ ಹುಡುಗನೂ ಕಾಲಡಿ ಸಿಕ್ಕುತ್ತಾನೆ. ಬೆಟ್ಟದ ಅಂಚಿಗೆ ಓಡಿಬಂದ ಜನ ಒಂದು ಕೂಸನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಇದನ್ನೆಲ್ಲ ತೋರಿಸಿದ್ದಕ್ಕೆ ಕೈ ಮುಗಿಯುತ್ತೇನೆ. ಕಣ್ಣು ಮುಚ್ಚಿಕೊಳ್ಳಲು ಬಿಡಲಿಲ್ಲ.

ಆದರೆ ಕೊನೆಯ ಎಪಿಸೋಡ್‌ನಲ್ಲಿ ಎರೆನ್ ಮತ್ತು ಅವನ ಬಾಲ್ಯದ ಗೆಳೆಯ ಆರ್ಮಿನ್ ಮಾತಾಡುವಾಗ ಇವರೆಲ್ಲ ಏನಾಗುತ್ತಾರೆ? ನೂರಕ್ಕೆ 80. ಅಷ್ಟೇ. ಮನುಷ್ಯರಲ್ಲಿ ನೂರಕ್ಕೆ 80 ಜನ ಸತ್ತರು ಅನ್ನುವುದು ಒಂದು ಅಂಕಿಯಾಗಿ ಬಂದು ಹೋಗುತ್ತದೆ. ಅವತ್ತು ಟೈಟನ್ ತನ್ನ ಅಮ್ಮನ ಕಡೆ ಹೋಗುವಂತೆ ಮಾಡಿದ್ದೂ ತಾನೇ ಅಂತ ಎರೆನ್ ಹೇಳುತ್ತಾನೆ. ಕಾರ್ಲಾಳ ಆ ಕೈ ನೆನಪಿದೆ ತಾನೆ? ಅದಕ್ಕೂ ಒಂದೆರಡು ಮಾತು. ಆಮೇಲೆ ಮಿಕಾಸಾ ವಿಷಯ. ಅವಳು ಬೇರೆ ಯಾರನ್ನೂ ಹುಡುಕಿಕೊಳ್ಳಬಾರದು, ಹತ್ತು ವರ್ಷವಾದರೂ ನನ್ನನ್ನೇ ನೆನೆಯುತ್ತಿರಬೇಕು ಅಂತ ಅವನು ಗೋಳಾಡುತ್ತಾನೆ. ನಾವು ಅಳುವುದು ಅಲ್ಲಿ. ನಾನೂ ಅತ್ತಿದ್ದೇನೆ, ಸುಳ್ಳು ಹೇಳಲ್ಲ. ಮೂರು ಸಲವೂ ಅತ್ತೆ. ಸಂಕಟ ಆಗುವುದು ಅದಕ್ಕೇ. ರಾಮ್ಜಿ ಸತ್ತಾಗ ಬಾರದಷ್ಟು ಕಣ್ಣೀರು ಅವನನ್ನು ತುಳಿಸಿದವನಿಗಾಗಿ ಬರುತ್ತದೆ ಅಂದರೆ, ಯಾವುದೋ ತಕ್ಕಡಿ ತಪ್ಪಿದೆ.

ನನ್ನ ಗೆಳೆಯರು ಹೇಳುವುದು ಗೊತ್ತು. ಕಥೆ ಬರೆದ ಇಸಾಯಾಮಾ ಎಲ್ಲೂ ಎರೆನ್ ಸರಿ ಅಂದಿಲ್ಲ. ಎರೆನ್ ತನ್ನ ಬಾಯಿಂದಲೇ ತಾನು ಮೂರ್ಖ ಅನ್ನುತ್ತಾನೆ. ಕೊನೆಗೆ ಅವನು ಉಳಿಸಿದ ನಾಡೂ ಯುದ್ಧದಲ್ಲಿ ಸುಟ್ಟುಹೋಗುತ್ತದೆ. ಮೂಲ ಕಾಮಿಕ್ಸ್ ಆದ ಮಾಂಗಾದಲ್ಲಿ ಆರ್ಮಿನ್ ಎರೆನ್‌ಗೆ ಥ್ಯಾಂಕ್ಸ್ ಹೇಳುತ್ತಾನೆ. ಅನಿಮೆಯಲ್ಲಿ ಅದನ್ನು ತಿದ್ದಿ, ಹೊರಗಿನ ಲೋಕದ ಆಸೆ ಹುಟ್ಟಿಸಿದ ಪಾಪ ತನ್ನದೂ ಹೌದು, ನರಕಕ್ಕೆ ಇಬ್ಬರೂ ಹೋಗೋಣ ಅನ್ನುವಂತೆ ಮಾಡಿದ್ದಾರೆ. ಹೌದು, ಅದು ಎಷ್ಟೋ ಮೇಲು. ಒಪ್ಪುತ್ತೇನೆ. ಆದರೆ ನರಕದಲ್ಲೂ ಇಬ್ಬರು ಗೆಳೆಯರು ಜೊತೆಗಿರುತ್ತಾರೆ ಅನ್ನುವುದು ಗೆಳೆಯರಿಗೆ ಸಮಾಧಾನ. ತುಳಿಸಿಕೊಂಡವರಿಗೆ ಏನು? ತಪ್ಪೊಪ್ಪಿಕೊಂಡ ಮಾತ್ರಕ್ಕೆ ನೂರಕ್ಕೆ 80ರ ಲೆಕ್ಕ ಚುಕ್ತಾ ಆಗಲ್ಲ. ಸಾಶಾಳ ಅಪ್ಪ ಒಬ್ಬಳೇ ಮಗಳ ಸಾವಿಗೆ ಎಷ್ಟು ಯೋಚಿಸಿದ! ಆ ಗಾಂಭೀರ್ಯದ ಕಾಲು ಭಾಗವಾದರೂ ಆ ಕೊನೆಯ ಮಾತುಕತೆಗೆ ಬೇಕಿತ್ತು.

ಇಸಾಯಾಮಾ ಇದರ ಮಾಂಗಾ ಶುರು ಮಾಡಿದ್ದು 2009ರಲ್ಲಿ, 23ನೇ ವಯಸ್ಸಿಗೆ. ಜಪಾನಿನಲ್ಲಿ ಸುತ್ತ ಬೆಟ್ಟವಿರುವ ಓಯಾಮಾ ಅವನ ಊರು. ಅಲ್ಲಿನ ಅಣೆಕಟ್ಟಿನ ಮುಂದೆ ಎರೆನ್, ಮಿಕಾಸಾ, ಆರ್ಮಿನ್ ಮಕ್ಕಳಾಗಿ ನಿಂತಿರುವ ಪ್ರತಿಮೆಗಳಿವೆ. ಮೂವರೂ ತಲೆಯೆತ್ತಿ ಆ ಗೋಡೆ ನೋಡುತ್ತಿದ್ದಾರೆ. ಆ ಫೋಟೋ ಕಂಡಾಗೆಲ್ಲ ನನಗೆ ಮನಸ್ಸು ಕರಗುತ್ತದೆ. ಇಷ್ಟು ಸಿಟ್ಟಿಟ್ಟುಕೊಂಡೂ ಕರಗುತ್ತದೆ.

ರಾತ್ರಿ ಹುಡುಗನಿಗೆ ಇದನ್ನೆಲ್ಲ ಹೇಳಿದೆ, ಸ್ವಲ್ಪ ಜೋರಾಗಿಯೇ. ಅವನು ಏನೂ ಮಾತಾಡದೆ ಮಲಗಲು ಹೋದ. ಬೆಳಗ್ಗೆ ಕಾಲೇಜಿನಿಂದ ಮೆಸೇಜ್ ಬಂತು: "ಮಾಮ, ರಾಮ್ಜಿ ಜೊತೆ ಓಡ್ತಿದ್ದನಲ್ಲ, ಆ ಇನ್ನೊಬ್ಬ ಹುಡುಗನ ಹೆಸರೇನು?"

ಹಲೀಲ್ ಅಂತ ಬರೆದೆ.